ಅಕೌಂಟ್ಸ್ ಕೆಲಸಕ್ಕೆ ಕವರ್ ಲೆಟರ್‌ನಲ್ಲಿ ಏನು ಬರೆಯಬೇಕು?

ಬಿ.ಕಾಂ. ಮುಗಿಸಿ ದಾವಣಗೆರೆಯ ಆಡಿಟರ್ ಆಫೀಸಿನಲ್ಲಿ ಒಂದು ವರ್ಷದಿಂದ ಇದ್ದೀರಿ. ಬೆಂಗಳೂರಿನ ಕಂಪನಿಗಳಿಗೆ ಅಕೌಂಟ್ಸ್ ಅಸಿಸ್ಟೆಂಟ್ ಕೆಲಸಕ್ಕೆ ಅರ್ಜಿ ಹಾಕುತ್ತಲೇ ಇದ್ದರೂ ಯಾರೂ ಕರೆಯುತ್ತಿಲ್ಲ, ಕವರ್ ಲೆಟರ್ ಹೇಗಿರಬೇಕು ಎಂದು ಕೇಳಿದ್ದೀರಿ. ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ನಮ್ಮಲ್ಲಿಗೆ ಬರುವ ಅರ್ಜಿಗಳನ್ನು ಮೊದಲು ಓದುವವಳು ನಾನೇ, ಹಾಗಾಗಿ ಓದುವವರ ಕಡೆಯಿಂದ ಹೇಳುತ್ತೇನೆ.

ಬರುವ ಪತ್ರಗಳಲ್ಲಿ ಹೆಚ್ಚಿನವು 'ನಾನು ಶ್ರಮಜೀವಿ, ಪ್ರಾಮಾಣಿಕ, ಬೇಗ ಕಲಿಯುತ್ತೇನೆ, ಒಂದು ಅವಕಾಶ ಕೊಡಿ' ಎಂದೇ ಶುರುವಾಗುತ್ತವೆ. ಅದು ನಿಜವೇ ಇರಬಹುದು. ಆದರೆ ನಾಳೆ ಬಂದು ಕೂತರೆ ನನ್ನ ಮೇಜಿನ ಯಾವ ಕೆಲಸವನ್ನು ಇವರಿಗೆ ವಹಿಸಬಹುದು ಎಂಬುದು ಅದರಿಂದ ಗೊತ್ತಾಗುವುದಿಲ್ಲ. ನನಗೆ ಬೇಕಿರುವುದು ಅದೊಂದೇ.

ಜಾಹೀರಾತನ್ನು ಇನ್ನೊಮ್ಮೆ ಓದಿ. ಟ್ಯಾಲಿ, ಜಿಎಸ್‌ಟಿ ಎಂದಿದ್ದರೆ ಮೊದಲ ಸಾಲಿನಿಂದಲೇ ಅದಕ್ಕೆ ಉತ್ತರ ಕೊಡಿ. ಉದಾಹರಣೆಗೆ ಹೀಗೆ (ಜಿಎಸ್‌ಟಿಆರ್-1 ಎಂದರೆ ಮಾರಾಟದ ಬಿಲ್ಲುಗಳನ್ನು ತೋರಿಸುವ ರಿಟರ್ನ್, 3ಬಿ ಎಂದರೆ ತೆರಿಗೆ ಲೆಕ್ಕ ಹಾಕಿ ಕಟ್ಟುವ ರಿಟರ್ನ್, 2ಬಿ ಎಂದರೆ ಸಪ್ಲೈಯರ್‌ಗಳು ತೋರಿಸಿದ ಬಿಲ್ಲುಗಳ ಪಟ್ಟಿ):

'ಒಂದು ವರ್ಷದಿಂದ ಅಕ್ಕಿ ಗಿರಣಿ, ಬಟ್ಟೆ ಅಂಗಡಿಗಳ ಲೆಕ್ಕವನ್ನು ಟ್ಯಾಲಿಯಲ್ಲಿ ಬರೆಯುತ್ತಿದ್ದೇನೆ. 11ನೇ ತಾರೀಖಿನೊಳಗೆ ಜಿಎಸ್‌ಟಿಆರ್-1, 20ರೊಳಗೆ 3ಬಿ ಹಾಕಲು ಬೇಕಾದ ಲೆಕ್ಕ ಸಿದ್ಧಮಾಡುತ್ತೇನೆ. ಖರೀದಿ ಬಿಲ್ಲುಗಳನ್ನು 2ಬಿ ಜೊತೆ ತಾಳೆ ನೋಡಿ, ಬಿಲ್ ತೋರಿಸದ ಸಪ್ಲೈಯರ್‌ಗಳಿಗೆ ನಾನೇ ಫೋನ್ ಮಾಡುತ್ತೇನೆ.'

ಆ ಕೊನೆಯ ವಾಕ್ಯ ಕಂಡರೆ ನಾನಂತೂ ತಕ್ಷಣ ಫೋನ್ ಮಾಡುತ್ತೇನೆ. ಸಪ್ಲೈಯರ್ ತನ್ನ ಬಿಲ್ಲನ್ನು ರಿಟರ್ನ್‌ನಲ್ಲಿ ತೋರಿಸದಿದ್ದರೆ ಅದು ನಮ್ಮ 2ಬಿಗೆ ಬರುವುದಿಲ್ಲ, ನಮಗೆ ಇನ್‌ಪುಟ್ ಕ್ರೆಡಿಟ್, ಅಂದರೆ ಖರೀದಿಯಲ್ಲಿ ಕೊಟ್ಟ ಜಿಎಸ್‌ಟಿಯನ್ನು ನಾವು ಕಟ್ಟುವ ತೆರಿಗೆಯಲ್ಲಿ ಕಳೆದುಕೊಳ್ಳುವ ಅವಕಾಶ, ಸಿಗುವುದಿಲ್ಲ. ಆ ದುಡ್ಡನ್ನು ಆ ತಿಂಗಳು ಕಂಪನಿಯೇ ಕಟ್ಟಬೇಕು. ಅವರ ಬೆನ್ನು ಹತ್ತಿ ಬಿಲ್ ಹಾಕಿಸುವವರು ಸುಲಭಕ್ಕೆ ಸಿಗುವುದಿಲ್ಲ. ನೀವು ಈ ಕೆಲಸ ಮಾಡಿದ್ದರೆ ದಯವಿಟ್ಟು ಮುಚ್ಚಿಡಬೇಡಿ. ಆಡಿಟರ್ ಆಫೀಸಿನ ಹುಡುಗರು ಇದನ್ನೆಲ್ಲ ಚಿಲ್ಲರೆ ಕೆಲಸ ಅಂದುಕೊಂಡು ಬಿಟ್ಟುಬಿಡುತ್ತಾರೆ, ನನಗೆ ಬೇಜಾರಾಗುತ್ತದೆ.

ಮಾಡದ ಕೆಲಸವನ್ನು ಮಾತ್ರ ಸೇರಿಸಬೇಡಿ. 'ಟಿಡಿಎಸ್ ರಿಟರ್ನ್‌ಗೆ ಲೆಕ್ಕ ತೆಗೆದುಕೊಟ್ಟಿದ್ದೇನೆ, ಸ್ವತಃ ಹಾಕಿಲ್ಲ' ಎಂದು ಬರೆದವರ ಉಳಿದ ಮಾತನ್ನೂ ನಾನು ನಂಬುತ್ತೇನೆ. ಕ್ಲೈಂಟ್‌ಗಳ ಹೆಸರು ಬೇಡವೇ ಬೇಡ. ಅವರ ಲೆಕ್ಕ ಹೊರಗೆ ಹೇಳುವವರು ನಾಳೆ ನಮ್ಮದನ್ನೂ ಹೇಳಿಯಾರು.

ಕೊನೆಗೆ ಎರಡೇ ಸಾಲು: ಬೆಂಗಳೂರಿನಲ್ಲಿ ಉಳಿಯಲು ವ್ಯವಸ್ಥೆ ಇದೆಯೇ, ಯಾವಾಗ ಸೇರಬಲ್ಲಿರಿ. ದೂರದ ಊರಿನವರನ್ನು ಕರೆಯಲು ಕಂಪನಿಗಳು ಹಿಂಜರಿಯುವುದು ಇದೇ ಕಾರಣಕ್ಕೆ. ಪತ್ರವನ್ನು ಇಂಗ್ಲಿಷಿನಲ್ಲೇ ಬರೆಯಬೇಕಾಗುತ್ತದೆ, ಚಿಕ್ಕ ಚಿಕ್ಕ ವಾಕ್ಯ ಸಾಕು, ಅಂಜಬೇಡಿ. ಅದನ್ನು ಬೇರೆ ಫೈಲ್ ಮಾಡದೆ ಮೇಲ್‌ನಲ್ಲೇ ಹಾಕಿ, ರೆಸ್ಯೂಮೆ ಮಾತ್ರ ಪಿಡಿಎಫ್ ಇರಲಿ. ಸಬ್ಜೆಕ್ಟ್‌ನಲ್ಲಿ ಹುದ್ದೆ, ನಿಮ್ಮ ಹೆಸರು.

ಇನ್ನೊಂದು ಮಾತು. ಮೇಲ್ ನೇರವಾಗಿ ಅಕೌಂಟ್ಸ್‌ನವರಿಗೆ ಹೋಗುವುದಾದರೆ, ಕೊನೆಯ ದಿನಾಂಕ ಹತ್ತಿರವಿಲ್ಲದಿದ್ದರೆ, 18ರಿಂದ 20ರವರೆಗೆ ಕಳಿಸಬೇಡಿ. 3ಬಿ ಗಡಿಬಿಡಿಯಲ್ಲಿ ಯಾರೂ ತೆರೆದು ನೋಡುವುದಿಲ್ಲ. 21 ದಾಟಲಿ.