ಮಗಳನ್ನು ಕರೆದುಕೊಂಡು ಪುಣೆಗೆ ಹೋಗಲು ಕೋರ್ಟಿನ ಅನುಮತಿ ಬೇಕಾ?

ಮ್ಯೂಚುವಲ್ ಡೈವೋರ್ಸ್ ಆಗಿದೆ, ಏಳು ವರ್ಷದ ಮಗಳ ಕಸ್ಟಡಿ ನಿಮಗೆ, ಎರಡನೇ ಮತ್ತು ನಾಲ್ಕನೇ ಶನಿವಾರ ಅಪ್ಪನಿಗೆ. ಈಗ ಪುಣೆಯಲ್ಲಿ ಕೆಲಸ ಸಿಕ್ಕಿದೆ, ಹೇಳದೆ ಹೋದರೆ ಏನಾಗುತ್ತೆ ಅಂತ ಕೇಳಿದ್ದೀರಿ. ನಾನೂ ಮಗನನ್ನು ಕಟ್ಟಿಕೊಂಡು ಬೆಂಗಳೂರಿಂದ ಪುಣೆಗೇ ಬಂದವಳು. ಹೇಳದೆ ಮಾತ್ರ ಹೋಗಬೇಡಿ.

ಮೊದಲು ನಿಮ್ಮ ರಾಜಿ ಒಪ್ಪಂದ ತೆಗೆದು ಓದಿ. ಡಿಕ್ರಿಯಲ್ಲಿ, ಅಂದರೆ ಕೋರ್ಟಿನ ಡೈವೋರ್ಸ್ ತೀರ್ಪಿನಲ್ಲಿ, ಸೇರಿದ ಮೇಲೆ ಅದು ನಿಮ್ಮಿಬ್ಬರ ಮಾತಲ್ಲ, ಕೋರ್ಟಿನ ಆದೇಶ. ಊರು ಬಿಡುವ ಬಗ್ಗೆ ಅದರಲ್ಲಿ ಒಂದಕ್ಷರ ಇಲ್ಲದಿದ್ದರೂ ಪುಣೆಗೆ ಹೋದ ಮೊದಲ ತಿಂಗಳೇ ಆ ಶನಿವಾರಗಳು ತಪ್ಪುತ್ತವೆ. ಆಗ ಮಗಳ ಅಪ್ಪ ಆದೇಶ ಜಾರಿ ಮಾಡಿಸಿ ಅಂತ ಅಮಲ್ಜಾರಿ ಅರ್ಜಿ ಹಾಕಬಹುದು, ನ್ಯಾಯಾಂಗ ನಿಂದನೆ ಅನ್ನಬಹುದು, ಕಸ್ಟಡಿಯನ್ನೇ ಬದಲಾಯಿಸಿ ಅಂತ ಕೇಳಬಹುದು. ಕೋರ್ಟೇ ನಿಮ್ಮನ್ನು ಗಾರ್ಡಿಯನ್ ಆಗಿ ನೇಮಿಸಿದ್ದರೆ 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯ 26ನೇ ಸೆಕ್ಷನ್ ಕೂಡ ಇದೆ: ಅನುಮತಿ ಇಲ್ಲದೆ ಮಗುವನ್ನು ಆ ಕೋರ್ಟಿನ ವ್ಯಾಪ್ತಿಯಿಂದ ಆಚೆ ಒಯ್ಯುವಂತಿಲ್ಲ. ಇನ್ನು "ತಾಯಿಗೇ ಕೊಡ್ತಾರೆ ಬಿಡಿ" ಅನ್ನುವವರ ಮಾತು ನಂಬಬೇಡಿ. 1956ರ ಹಿಂದೂ ಮೈನಾರಿಟಿ ಅಂಡ್ ಗಾರ್ಡಿಯನ್‌ಶಿಪ್ ಕಾಯ್ದೆ ಸಾಮಾನ್ಯವಾಗಿ ತಾಯಿಯ ಹತ್ತಿರ ಇರಲಿ ಅನ್ನೋದು ಐದು ವರ್ಷದೊಳಗಿನ ಮಗುವಿಗೆ.

ಹಾಗಂತ ಹೆದರಬೇಕಿಲ್ಲ. ಹಿಂದೂ ವಿವಾಹ ಕಾಯ್ದೆಯ 26ನೇ ಸೆಕ್ಷನ್ (ನಂಬರ್ ಅದೇ, ಕಾಯ್ದೆ ಬೇರೆ, ನನಗೂ ಗೊಂದಲ ಆಗಿತ್ತು) ಪ್ರಕಾರ ಡಿಕ್ರಿ ಆದ ಮೇಲೂ ಮಕ್ಕಳ ಕುರಿತ ಷರತ್ತು ಬದಲಾಯಿಸಿ ಅಂತ ಅರ್ಜಿ ಹಾಕಬಹುದು. 2010ರಲ್ಲಿ ಇಂಥದ್ದೇ ಒಂದು ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಒಪ್ಪಿಗೆಯ ಡೈವೋರ್ಸೇ, ಆದರೆ ತಾಯಿ ಹೊರಟಿದ್ದು ಆಸ್ಟ್ರೇಲಿಯಾಕ್ಕೆ. ಕಸ್ಟಡಿ ಆದೇಶ ಕಲ್ಲಿನ ಮೇಲೆ ಕೆತ್ತಿದ್ದಲ್ಲ, ಮಗುವಿನ ಹಿತಕ್ಕೆ ತಕ್ಕಂತೆ ಬದಲಾಗಬಹುದು ಅಂತ ಹೇಳಿ ಮಗುವನ್ನು ಕರೆದೊಯ್ಯಲು ಬಿಟ್ಟರು.

ನಾನು ಮಾಡಿದ ತಪ್ಪು ಕೇಳಿ. ಅರ್ಜಿ ಹಾಕುವ ಮೊದಲೇ ಪುಣೆಯ ಸ್ಕೂಲಿಗೆ ಅಡ್ಮಿಷನ್ ಫೀಸು ಕಟ್ಟಿಬಿಟ್ಟಿದ್ದೆ. ಮಾಜಿ ಗಂಡನ ವಕೀಲರು ರಸೀದಿಯ ತಾರೀಖು ತೋರಿಸಿ, "ಎಲ್ಲ ತೀರ್ಮಾನ ಮಾಡಿಕೊಂಡೇ ಬಂದಿದ್ದಾರೆ" ಅಂದರು. ತಲೆ ಎತ್ತೋಕಾಗಲಿಲ್ಲ. ಆಮೇಲೆ ರಾಜಿ ಮಾತುಕತೆಗೆ ಅಂತ ನಮ್ಮನ್ನು ಮೀಡಿಯೇಷನ್‌ಗೆ ಕಳಿಸಿದರು. ನಾನು ಮಾಜಿ ಗಂಡನ ತಪ್ಪುಗಳನ್ನೆಲ್ಲ ನಾಲ್ಕು ಹಾಳೆ ಬರೆದು ಒಯ್ದಿದ್ದೆ. ಅಲ್ಲಿದ್ದ ಮೇಡಂ ಮೊದಲ ಹಾಳೆಯನ್ನೂ ಪೂರ್ತಿ ಓದಲಿಲ್ಲ. ಮಗುಚಿ ಹಾಕಿ, ಪೆನ್ನು ಕೈಗೆ ಕೊಟ್ಟು, "ಇದರ ಹಿಂದೆ ಅಪ್ಪನ ದಿನಗಳನ್ನು ಬರೀಮ್ಮ" ಅಂದರು. ಕೊನೆಗೆ ಆದೇಶಕ್ಕೆ ಹೋಗಿದ್ದು ಆ ಹಿಂಬದಿಯೇ: ದಸರಾ ರಜೆ ಪೂರ್ತಿ ಅಪ್ಪನಿಗೆ, ಬೇಸಿಗೆಯಲ್ಲಿ ಅರ್ಧ, ತಿಂಗಳಿಗೊಂದು ಶನಿವಾರ-ಭಾನುವಾರ, ಹೋಗೋ ಟಿಕೆಟ್ ನನ್ನದು, ಬರೋದು ಅವರದು.

ಆ ಶನಿವಾರ-ಭಾನುವಾರಕ್ಕೆ ನಾವು ಕಂಡುಕೊಂಡ ಜಾಗ ಹುಬ್ಬಳ್ಳಿ. ಬೆಂಗಳೂರಿಗೂ ಪುಣೆಗೂ ಹೆಚ್ಚುಕಡಿಮೆ ನಡುದಾರಿ, ಅಲ್ಲಿ ಮಗನ ಅಜ್ಜ-ಅಜ್ಜಿ ಇದ್ದಾರೆ. 2024ರಿಂದ ಹುಬ್ಬಳ್ಳಿ-ಪುಣೆ ವಂದೇ ಭಾರತ್ ಬೇರೆ ಓಡ್ತಿದೆ. ನಿಮಗೆ ಹುಬ್ಬಳ್ಳಿ ಹೊಂದದೇ ಇರಬಹುದು, ಆದರೆ ಅರ್ಜಿಯಲ್ಲಿ ಇಂಥದ್ದೊಂದು ವ್ಯವಸ್ಥೆ ಬರೆದೇ ಹಾಕಿ. ಆಫರ್ ಲೆಟರ್, ಮನೆ ಎಲ್ಲಿ, ನೀವು ಆಫೀಸಲ್ಲಿರುವಾಗ ಮಗಳನ್ನು ನೋಡಿಕೊಳ್ಳೋರು ಯಾರು, ಇಷ್ಟೂ ಜೊತೆಗಿರಲಿ.

ಮಗಳ ಅಪ್ಪ ಒಪ್ಪಿದರೆ ಕೆಲಸ ಹಗುರ, ಇಬ್ಬರೂ ಸೇರಿ ಕೋರ್ಟಿಗೆ ಜಂಟಿ ಮೆಮೊ ಕೊಡಿ. ವಾಟ್ಸಾಪಿನಲ್ಲಿ "ಸರಿ, ಹೋಗು" ಅಂದಿದ್ದರೆ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ಆದರೆ ಅದನ್ನೇ ಅನುಮತಿ ಅಂದುಕೊಂಡು ಟಿ.ಸಿ. ತೆಗೆಸಬೇಡಿ. ಒಪ್ಪದಿದ್ದರೆ ತಿಂಗಳುಗಟ್ಟಲೆ ಎಳೆಯುತ್ತೆ, ನಮಗೆ ಐದು ತಿಂಗಳು ಹಿಡೀತು. ಕೆಲಸಕ್ಕೆ ಸೇರುವ ದಿನ ಮುಂದೂಡೋಕಾಗುತ್ತಾ ಅಂತ ಈಗಲೇ ಎಚ್‌.ಆರ್. ಹತ್ತಿರ ಕೇಳಿ.

ವಿಡಿಯೋ ಕಾಲಿಗೆ ಮಾತ್ರ "ದಿನಾ ಸಂಜೆ ಏಳಕ್ಕೆ" ಅಂತ ಒಪ್ಪಿಕೊಂಡು ಬರಬೇಡಿ. ನಾನು ಒಪ್ಪಿದ್ದೆ, ಆ ಹೊತ್ತಿಗೆ ಮಗ ಕೆಳಗೆ ಕ್ರಿಕೆಟ್ ಆಡ್ತಿರ್ತಾನೆ.