ಕಾಸರಗೋಡಿನಲ್ಲಿದ್ದೇನೆ. ಹವ್ಯಾಸಿ ಖಗೋಳ ಕೂಟ ಸೇರೋಕೆ ಮೊದಲೇ ಟೆಲಿಸ್ಕೋಪ್ ಬೇಕಾ?

ಬೇಡ. ಮೊದಲು ಕೂಟ ಸೇರಿ, ಆಮೇಲೆ ಕೊಳ್ಳಿ. ಬೇರೆಯವರ ಟೆಲಿಸ್ಕೋಪಿನಲ್ಲಿ ಕೆಲವು ಸಲ ನೋಡಿದರೆ ನಿಮಗೆ ಯಾವುದು ಬೇಕು ಅಂತ ತಾನಾಗಿಯೇ ಗೊತ್ತಾಗುತ್ತದೆ. ಅಲ್ಲಿಯವರೆಗೆ 10×50 (ಹತ್ತು ಪಟ್ಟು ಹಿಗ್ಗಿಸುವ, 50 ಮಿ.ಮೀ. ಮಸೂರದ) ಬೈನಾಕ್ಯುಲರ್ ಧಾರಾಳ ಸಾಕು.

ಕೇರಳದಲ್ಲಿ ಆಸ್ಟ್ರೋ ಕೇರಳ ಎಂಬ ಹವ್ಯಾಸಿಗಳ ಸಂಘಟನೆ ಇದೆ. ಜನರಿಗೆ ವಿಜ್ಞಾನ ತಲುಪಿಸುವ ಸಂಘಟನೆಯಾದ ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತಿನವರನ್ನೂ ಕೇಳಿ ನೋಡಿ. ಮಾತುಕತೆ ಜಾಸ್ತಿ ಮಲಯಾಳದಲ್ಲೇ ಇರಬಹುದು, ಆದರೆ ನಕ್ಷತ್ರ ತೋರಿಸಲು ಬೆರಳು ಸಾಕಲ್ವಾ! ಮಂಜೇಶ್ವರ, ಕುಂಬಳೆ ಕಡೆಯವರಿಗೆ ಮಂಗಳೂರಿನ ಪಿಲಿಕುಳ ತಾರಾಲಯವೂ ದೂರವಲ್ಲ.

ನಮ್ಮ ಜಿಲ್ಲೆಯ ಆಕಾಶ ಸಾಮಾನ್ಯದ್ದಲ್ಲ. 2019ರ ಡಿಸೆಂಬರ್ 26ರ ಕಂಕಣ ಸೂರ್ಯಗ್ರಹಣ ನೋಡಲು ಚೆರುವತ್ತೂರಿಗೆ ಜನ ಹುಡುಕಿಕೊಂಡು ಬಂದಿದ್ದರು. ನಾವಿರುವುದು ಸುಮಾರು 12.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಹಾಗಾಗಿ ದಿಲ್ಲಿಯಿಂದ ಪೂರ್ತಿ ಕಾಣದ ದಕ್ಷಿಣದ ಶಿಲುಬೆ ಎಂಬ ನಕ್ಷತ್ರಪುಂಜ ಇಲ್ಲಿ ಚೆನ್ನಾಗಿ ಕಾಣುತ್ತದೆ. ಏಪ್ರಿಲ್ ಕೊನೆಗೆ ರಾತ್ರಿ ಹತ್ತರ ಸುಮಾರಿಗೆ ದಕ್ಷಿಣಕ್ಕೆ ಮುಖ ಮಾಡಿ ನಿಲ್ಲಿ. ಸ್ವಲ್ಪ ಹೊತ್ತು ಬಿಟ್ಟು ಅದೇ ಕಡೆ, ಇನ್ನೂ ಮೇಲೆ, ಒಮೆಗಾ ಸೆಂಟಾರಿ ನಕ್ಷತ್ರಗುಚ್ಛ ಬೈನಾಕ್ಯುಲರಿನಲ್ಲಿ ಮಸುಕು ಉಂಡೆಯಂತೆ ಸಿಗುತ್ತದೆ.

ಜೂನ್‌ನಲ್ಲಿ ಸೇರಿದರೆ ಸುಮ್ನೆ ಮೋಡ ಎಣಿಸಬೇಕು. ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಒಳ್ಳೆಯ ಕಾಲ, ಅದೂ ಅಮಾವಾಸ್ಯೆಯ ಆಸುಪಾಸಿನಲ್ಲಿ. ಪೊಸಡಿ ಗುಂಪೆಯಂಥ ಗುಡ್ಡಕ್ಕೆ ಹೋಗುವುದಾದರೆ ಗುಂಪಿನಲ್ಲೇ ಹೋಗಿ. ಟಾರ್ಚಿಗೆ ಕೆಂಪು ಕಾಗದ ಸುತ್ತಿ, ಮೊಬೈಲ್ ಜೇಬಿನಲ್ಲಿರಲಿ. ಕಣ್ಣು ಕತ್ತಲೆಗೆ ಹೊಂದಲು 20-30 ನಿಮಿಷ ಬೇಕು. ಒಂದು ಬಿಳಿ ಬೆಳಕು ಬಿದ್ದರೆ ಎಲ್ಲರೂ ಮತ್ತೆ ಅಷ್ಟು ಹೊತ್ತು ಕಾಯಬೇಕು, ಬೈಗುಳ ಗ್ಯಾರಂಟಿ.