ಕಾಸರಗೋಡಿನಿಂದ ಎಂ.ಎಸ್.ಡಬ್ಲ್ಯು.ಗೆ ಅರ್ಜಿ ಹಾಕುವುದೆಂದರೆ

ಕಾಸರಗೋಡಿನ ಕನ್ನಡದ ಮಕ್ಕಳು ಎಂ.ಎಸ್.ಡಬ್ಲ್ಯು.ಗೆ, ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿಗೆ, ಕೇರಳದಲ್ಲಿ ಅರ್ಜಿ ಹಾಕುತ್ತಾರೋ ಕರ್ನಾಟಕದಲ್ಲೋ ಎಂದು ಕೇಳಿದ್ದೀರಿ. ಎರಡೂ ಕಡೆ ಹಾಕುತ್ತೇವೆ. ನಾನೂ ಹಾಗೇ ಮಾಡಿದ್ದೆ.

ರಾಜ್ಯದ ಗಡಿಯಲ್ಲಿರುವ ತಲಪಾಡಿ ದಾಟಿದರೆ ಮಂಗಳೂರು. ಅಲ್ಲಿ ಕೊಣಾಜೆಯ ವಿಶ್ವವಿದ್ಯಾನಿಲಯ ಇದೆ, 1960ರಲ್ಲಿ ಶುರುವಾದ ಸಮಾಜಕಾರ್ಯದ ಕಾಲೇಜು ರೋಶನಿ ನಿಲಯ ಇದೆ. ದಕ್ಷಿಣಕ್ಕೆ ಹೋದರೆ ನಮ್ಮದೇ ಜಿಲ್ಲೆಯ ಪೆರಿಯದಲ್ಲಿ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯ. ಪೆರಿಯಕ್ಕೆ ಸಿ.ಯು.ಇ.ಟಿ. ಪಿ.ಜಿ. ಎಂಬ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಬರೆಯಬೇಕು. ಅದರ ಅರ್ಜಿ ಚಳಿಗಾಲದಲ್ಲೇ ಬಂದು ಹೋಗುತ್ತದೆ. ಡಿಗ್ರಿ ರಿಸಲ್ಟ್ ಬರಲಿ ಎಂದು ಸುಮ್ನೆ ಕಾದು ಕೂತು ಒಂದು ವರ್ಷ ಕಳೆದುಕೊಂಡವರು ನಮ್ಮಲ್ಲಿ ಜಾಸ್ತಿ. ಕೊನೆಯ ವರ್ಷದಲ್ಲಿ ಓದುತ್ತಿರುವಾಗಲೇ ಹಾಕಬಹುದು. ಡಿಗ್ರಿಯಲ್ಲಿ ಸಮಾಜಕಾರ್ಯವನ್ನೇ ಓದಿರಬೇಕೆಂದೂ ಇಲ್ಲ. ಬಿ.ಕಾಂ., ಬಿ.ಎಸ್ಸಿ. ಮಾಡಿದವರೂ ಬರುತ್ತಾರೆ.

ನಮಗೆ ನಿಜವಾಗಿ ಸುಸ್ತಾಗುವುದು ಕಾಗದಪತ್ರದಲ್ಲಿ. ಊರಿನ ಹೆಸರು ಒಂದರಲ್ಲಿ ಮಂಜೇಶ್ವರ, ಇನ್ನೊಂದರಲ್ಲಿ ಮಂಜೇಶ್ವರಂ. ಎಸ್ಸೆಸ್ಸೆಲ್ಸಿ ಪುಸ್ತಕದಲ್ಲಿ ಇನಿಶಿಯಲ್, ಆಧಾರಿನಲ್ಲಿ ಅಪ್ಪನ ಪೂರ್ತಿ ಹೆಸರು. ವಿಲೇಜ್ ಆಫೀಸಿನಿಂದ ಬರುವ ಸರ್ಟಿಫಿಕೇಟು ಮಲಯಾಳದಲ್ಲಿದ್ದರೆ ಗಡಿಯಾಚೆ ಅದನ್ನು ಓದುವವರು ಯಾರು? ಇಂಗ್ಲಿಷಿನಲ್ಲೇ ಬೇಕೆಂದು ಮೊದಲೇ ಕೇಳಿ ಪಡೆಯಬೇಕು. ಮೀಸಲಾತಿಯ ಪಟ್ಟಿ ಕೂಡ ಒಂದೊಂದು ರಾಜ್ಯಕ್ಕೆ ಒಂದೊಂದು. ಇಲ್ಲಿ ಸಿಗುವ ಸೌಲಭ್ಯ ಅಲ್ಲಿ ಸಿಗುತ್ತದೆಂದು ನಂಬಿ ಕೂರಬಾರದು.

ಇದಕ್ಕಿಂತ ದೊಡ್ಡ ತಪ್ಪು ಬೇರೆ ಇದೆ. ನಾನೂ ಮಾಡಿದ ತಪ್ಪು. "ಈ ಕೋರ್ಸ್ ಯಾಕೆ ಬೇಕು" ಎಂದು ಒಂದು ಕಾಲೇಜು ಕೇಳಿದ್ದಕ್ಕೆ ಸಮಾಜಸೇವೆ, ಬಡವರ ಏಳಿಗೆ ಎಂದೆಲ್ಲ ಒಂದು ಪುಟ ಬರೆದಿದ್ದೆ. ಯಾರು ಬೇಕಾದರೂ ಬರೆಯಬಹುದಾದ ಮಾತು. ಸಂದರ್ಶನದಲ್ಲಿ ಒಬ್ಬ ಮೇಡಂ ಅದನ್ನು ಪಕ್ಕಕ್ಕಿಟ್ಟು, "ನಿಮ್ಮ ಮನೆ ಸುತ್ತ ಯಾರಿದ್ದಾರೆ? ಅವರ ಹತ್ತಿರ ಯಾವ ಭಾಷೆಯಲ್ಲಿ ಮಾತಾಡುತ್ತೀರಿ?" ಎಂದು ಕೇಳಿದರು. ಮನೆಯಲ್ಲಿ ಕನ್ನಡ, ತೋಟದಲ್ಲಿ ತುಳು, ಪಂಚಾಯತಿನಲ್ಲಿ ಮಲಯಾಳ, ಪಕ್ಕದ ಮನೆಯ ಬ್ಯಾರಿ ಭಾಷೆಯೂ ಅರ್ಥವಾಗುತ್ತದೆ ಎಂದೆ. "ಇದನ್ನು ಯಾಕೆ ಬರೆಯಲಿಲ್ಲ?" ಎಂದರು. ಅದೊಂದು ಯೋಗ್ಯತೆ ಎಂದು ನನಗೆ ಹೊಳೆದೇ ಇರಲಿಲ್ಲ.

ಫೀಲ್ಡ್‌ವರ್ಕಿಗೆ ಹೋದಾಗ ಅದು ಪೂರ್ತಿ ಅರ್ಥವಾಯಿತು. ಈ ಓದಿನಲ್ಲಿ ತರಗತಿಯಷ್ಟೇ ಫೀಲ್ಡ್‌ವರ್ಕೂ ಮುಖ್ಯ, ಪ್ರತಿ ಭೇಟಿಗೂ ವರದಿ ಬರೆಯಬೇಕು. ನಮ್ಮ ಗೇರುತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದದ್ದು, ಅದರಿಂದ ಜನ ಕಾಯಿಲೆ ಬಿದ್ದದ್ದು ನಿಮಗೆ ಗೊತ್ತಿರಬಹುದು. 2017ರಲ್ಲಿ ಸುಪ್ರೀಂ ಕೋರ್ಟು ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಿ ಎಂದು ಹೇಳಿತು. ಆದರೆ ಸಂತ್ರಸ್ತರ ಪಟ್ಟಿಯಲ್ಲಿ ಹೆಸರು ಸೇರಬೇಕಾದರೆ ವೈದ್ಯಕೀಯ ಕ್ಯಾಂಪಿಗೆ ಹೋಗಬೇಕು, ಮಗುವಿನ ಕಷ್ಟವನ್ನು ಬಾಯಿಬಿಟ್ಟು ಹೇಳಬೇಕು. ನಾನು ಕಂಡ ಒಬ್ಬ ತಾಯಿ ಮಲಯಾಳದಲ್ಲಿ ಕೇಳಿದ ಪ್ರಶ್ನೆಗೆಲ್ಲ ಹೌದು, ಇಲ್ಲ ಎಂದಷ್ಟೇ ಹೇಳುತ್ತಿದ್ದರು. ಅವರ ಫಾರ್ಮು ಅರ್ಧ ಖಾಲಿ ಇತ್ತು. ಅಂಗಳದಲ್ಲಿ ಕೂತು ತುಳುವಿನಲ್ಲಿ ಕೇಳಿದೆ. ಒಂದು ಗಂಟೆ ಮಾತಾಡಿದರು. ಮಗ ರಾತ್ರಿ ನಿದ್ದೆ ಮಾಡುವುದಿಲ್ಲ, ತಾನು ಮದುವೆ ಮನೆಗೆ ಹೋಗದೆ ಎಷ್ಟೋ ವರ್ಷವಾಯಿತು ಎಂದೆಲ್ಲ. ಅದನ್ನು ಬರೆದುಕೊಳ್ಳುವ ಜಾಗ ಫಾರ್ಮಿನಲ್ಲಿ ಇರಲಿಲ್ಲ. ನನ್ನ ವರದಿಯಲ್ಲಿ ಬರೆದೆ.

ಹಾಗಾಗಿ ಈಗ ಊರಿನ ಮಕ್ಕಳು ಅರ್ಜಿ ತೋರಿಸಲು ಬಂದರೆ ನಾನು ಮೊದಲು ನೋಡುವುದು ಮಾರ್ಕನ್ನಲ್ಲ. ಅಜ್ಜಿಯನ್ನು ಮಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಅಲ್ಲಿನ ಫಾರ್ಮು ತುಂಬಿದ್ದು, 2020ರಲ್ಲಿ ತಲಪಾಡಿ ರಸ್ತೆ ಮುಚ್ಚಿದಾಗ ಪಕ್ಕದ ಮನೆಯವರಿಗಾಗಿ ಔಷಧಿ ಹುಡುಕಿದ್ದು, ಬುಟ್ಟಿ ಹೆಣೆಯುವ ಕೊರಗರ ಮನೆಯ ಹುಡುಗಿಗೆ ಸ್ಕಾಲರ್‌ಶಿಪ್ ಕಾಗದ ಓದಿ ಹೇಳಿದ್ದು, ಇಂಥದ್ದು ಏನಾದರೂ ಇದೆಯಾ ಎಂದು ಕೇಳುತ್ತೇನೆ. ಇದ್ದೇ ಇರುತ್ತದೆ, ಗಡಿಯಲ್ಲಿ ಬೆಳೆದವರಲ್ವಾ. ಅದನ್ನು ಮೊದಲ ಸಾಲಿನಲ್ಲೇ ಬರೆಯಲು ಹೇಳುತ್ತೇನೆ.